ಹಳೆಯ ಹೋಂ ಥಿಯೇಟರ್ ತೆಗೆದು ಸೌಂಡ್‌ಬಾರ್ ತರಬೇಕೇ?

ಪ್ರಶ್ನೆ: ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ನಿವೃತ್ತ ಉಪನ್ಯಾಸಕ ನಾನು. 2010ರಲ್ಲಿ ಗೃಹಪ್ರವೇಶದ ಹೊತ್ತಿಗೆ ಕೊಂಡ 5.1 ಹೋಂ ಥಿಯೇಟರ್ ನಮ್ಮ ಮನೆಯಲ್ಲಿದೆ. ಧ್ವನಿಯನ್ನು ಸ್ಪೀಕರುಗಳಿಗೆ ಹಂಚಿಕೊಡುವ ಒಂದು ರಿಸೀವರ್, ಮೂರೂವರೆ ಅಡಿ ಎತ್ತರದ ಎರಡು ಟವರ್ ಸ್ಪೀಕರ್, ಟಿವಿಯ ಕೆಳಗೆ ನಡುವಿನ ಸ್ಪೀಕರ್, ಹಿಂದೆ ಎರಡು ಚಿಕ್ಕವು, ದಪ್ಪ ಸ್ವರಗಳಿಗೆಂದೇ ಇರುವ 10 ಇಂಚಿನ ಸಬ್‌ವೂಫರ್. ಹಾಲ್ 12 ಅಡಿ ಅಗಲ, 16 ಅಡಿ ಉದ್ದ. ಟಿವಿ ಇರುವುದು ಗೋಡೆಯಲ್ಲೇ ಕಟ್ಟಿಸಿದ ಗ್ರಾನೈಟ್ ಶೋಕೇಸಿನ ಗೂಡಿನಲ್ಲಿ. ಕಳೆದ ವರ್ಷ 55 ಇಂಚಿನ ಹೊಸ ಟಿವಿ ಬಂತು. ಅದರಲ್ಲಿ ಕೆಂಪು–ಬಿಳಿ ಪಿನ್ನಿನ ಕಿಂಡಿ ಇಲ್ಲದ ಕಾರಣ ಟೆಕ್ನಿಷಿಯನ್ ಹೆಡ್‌ಫೋನ್ ಕಿಂಡಿಯಿಂದ ರಿಸೀವರಿಗೆ ವೈರ್ ಎಳೆದು ಹೋದರು. ಅಂದಿನಿಂದ ಮಾತು ಸ್ಪಷ್ಟವಾಗಿ ಕೇಳಿಸುತ್ತಿಲ್ಲ. ಧ್ವನಿ ಏರಿಸಿದರೆ ಹೊಡೆದಾಟದ ದೃಶ್ಯದಲ್ಲಿ ಕಿಟಕಿ ಅದುರುತ್ತದೆ. ಪಕ್ಕದ ದಿವಾನದ ಮೇಲೆ ಕುಳಿತು ನೋಡುವ ನಮ್ಮ 81 ವರ್ಷದ ತಾಯಿ ಪ್ರತಿ ಸಂಭಾಷಣೆಗೂ ‘ಏನಂದ?’ ಎಂದು ಕೇಳುತ್ತಾರೆ. ಹಿಂದಿನ ಸ್ಪೀಕರುಗಳ ವೈರನ್ನು ಇಲಿ ಕಡಿದಿದೆ, ಸಬ್‌ವೂಫರ್ ಗರಗರ ಎನ್ನುತ್ತದೆ. ಇದನ್ನೆಲ್ಲ ತೆಗೆದು, ಹಲವು ಸ್ಪೀಕರುಗಳನ್ನು ಒಂದೇ ಉದ್ದನೆಯ ಪಟ್ಟಿಯಲ್ಲಿ ಅಡಗಿಸಿದ ಒಂದು ಸೌಂಡ್‌ಬಾರ್ ಹಾಕಿಬಿಡೋಣ ಎಂದು ಮಗ, ಸೊಸೆ ಹೇಳುತ್ತಾರೆ. ಅಂಗಡಿಯವರು ತಲೆಯ ಮೇಲಿನಿಂದಲೂ ಧ್ವನಿ ಬರುತ್ತದೆ ಎನ್ನುವ 1000 ವಾಟಿನ ‘ಅಟ್ಮಾಸ್’ ಬಾರ್ ತೋರಿಸಿ, ‘ನಿಮ್ಮ ಹಳೆಯ ಸೆಟ್ಟಿಗಿಂತ ಇದೇ ಮೇಲು’ ಎಂದರು. 40,000 ರೂಪಾಯಿವರೆಗೆ ಖರ್ಚು ಮಾಡಬಲ್ಲೆ. ಏನು ಮಾಡುವುದು ಸರಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ಹಾಲಿನ ತುಂಬ ಪೆಟ್ಟಿಗೆ, ವೈರು ಬೇಡ ಎನ್ನುವುದು ಒಂದು. ಮಾತು ಕೇಳಿಸುತ್ತಿಲ್ಲ ಎನ್ನುವುದು ಇನ್ನೊಂದು. ಸೌಂಡ್‌ಬಾರ್ ಮೊದಲನೆಯದಕ್ಕೆ ಖಚಿತವಾದ ಪರಿಹಾರ. ಎರಡನೆಯದಕ್ಕೆ ಅದು ಪರಿಹಾರವಾದೀತೇ ಎಂಬುದು, ಮಾತು ಕೇಳಿಸದಿರಲು ಕಾರಣವೇನು ಎಂದು ತಿಳಿದ ಮೇಲಷ್ಟೇ ಹೇಳಬಹುದಾದ ವಿಷಯ. ತುಮಕೂರು ಸುತ್ತಮುತ್ತಲ ಮನೆಗಳಲ್ಲಿ ಇಂಥ ಸೆಟ್ಟುಗಳನ್ನು ಜೋಡಿಸುತ್ತ, ಬಿಚ್ಚುತ್ತ, ರಿಪೇರಿ ಮಾಡುತ್ತ ಬಂದಿರುವ ನನಗೆ, ಕಾರಣ ನಿಮ್ಮ ಪತ್ರದಲ್ಲೇ ಇದೆ ಅನ್ನಿಸುತ್ತದೆ: ಹೆಡ್‌ಫೋನ್ ಕಿಂಡಿಯಿಂದ ಎಳೆದ ಆ ವೈರು.

5.1 ಎಂದರೆ ಐದು ಸ್ಪೀಕರು, ಒಂದು ಸಬ್‌ವೂಫರ್; ಆರಕ್ಕೂ ಬೇರೆ ಬೇರೆ ಧ್ವನಿ. ಸಿನಿಮಾದ 5.1 ಧ್ವನಿಯಲ್ಲಿ ಮಾತಿನ ಬಹುಪಾಲನ್ನು ನಡುವಿನ ಸ್ಪೀಕರಿಗೇ ಕೊಟ್ಟಿರುತ್ತಾರೆ. ಗುಬ್ಬಿ ಕಂಪನಿಯ ನಾಟಕಗಳಲ್ಲಿ, ಮೈಕ್ ಇಲ್ಲದ ದಿನಗಳಲ್ಲಿ, ನಟ ರಂಗದ ನಡುವೆ ನಿಂತು ಎದುರಿಗೆ ಮಾತಾಡಿದರೆ ಹಿಂದಿನ ಸಾಲಿನವರಿಗೂ ಮಾತು ಆ ನಟನ ಬಾಯಿಂದಲೇ ಬಂದಂತೆ ಕೇಳಬೇಕಿತ್ತಲ್ಲ, ನಡುವಿನ ಸ್ಪೀಕರಿನ ಕೆಲಸವೂ ಅದೇ. ಹೆಡ್‌ಫೋನ್ ಕಿಂಡಿಯಿಂದ ಹೊರಡುವುದು ಎಡ ಮತ್ತು ಬಲದ ಎರಡು ಧ್ವನಿ ಮಾತ್ರ. ಟಿವಿ ಆರನ್ನೂ ಕಲಸಿ ಎರಡು ಮಾಡಿ ಕಳಿಸುತ್ತದೆ. ರಿಸೀವರ್ ಸ್ಟೀರಿಯೋ ಸ್ಥಿತಿಯಲ್ಲಿದ್ದರೆ ಅದನ್ನು ಎರಡು ಟವರುಗಳಿಗೆ ಕೊಟ್ಟು ಸುಮ್ಮನಾಗುತ್ತದೆ. ಒಂದು ವರ್ಷದಿಂದ ನಿಮ್ಮ ನಡುವಿನ ಸ್ಪೀಕರ್ ಬಹುಶಃ ಬಾಯಿಯನ್ನೇ ತೆರೆದಿಲ್ಲ. ಇಂದು ರಾತ್ರಿ ವಾರ್ತೆ ಬರುವಾಗ ಅದರ ಜಾಲರಿಗೆ ಕಿವಿ ಹಚ್ಚಿ ನೋಡಿ.

ಎರಡು ಟವರುಗಳ ನಟ್ಟ ನಡುವೆ ಕುಳಿತವರಿಗೆ ಮಾತು ಟಿವಿಯ ಮಧ್ಯದಿಂದ ಬಂದಂತೆ ಭ್ರಮೆಯಾಗುತ್ತದೆ. ಪಕ್ಕದ ದಿವಾನದ ಮೇಲೆ ಕುಳಿತ ನಿಮ್ಮ ತಾಯಿಗೆ ಆ ಭ್ರಮೆ ಒಡೆದುಹೋಗಿ, ಮಾತು, ಸಂಗೀತ, ಮಳೆ, ಗುಂಡಿನ ಸದ್ದು ಎಲ್ಲವೂ ಹತ್ತಿರದ ಟವರಿನಿಂದಲೇ ಮುದ್ದೆಯಾಗಿ ಬಂದಂತೆ ಕೇಳುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೆಳುವಾದ, ಎತ್ತರದ ಸ್ವರಗಳನ್ನು; ಸ, ಶ, ಚ, ತ, ಪ ಮುಂತಾದ ಅಕ್ಷರಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಅವೇ. ‘ಸಾಲ’ ಎಂದರೋ ‘ಶಾಲೆ’ ಎಂದರೋ ಎಂದು ತಿಳಿಯದಿರುವಾಗ ಒಟ್ಟು ಧ್ವನಿ ಏರಿಸಿದರೆ ಅ, ಆ, ಓ ಎಂಬ ದಪ್ಪ ಸ್ವರಗಳು ಜೋರಾಗುತ್ತವೆ, ಗೊಂದಲ ಹಾಗೆಯೇ ಉಳಿಯುತ್ತದೆ. ಬಿ.ಎಚ್. ರಸ್ತೆಯ ಹತ್ತಿರದ ಮನೆಗಳಲ್ಲಿ ಕಿಟಕಿ ತೆರೆದಿದ್ದರೆ ವಾಹನದ ಮೊರೆತ, ಒಳಗೆ ಫ್ಯಾನಿನ ಸದ್ದು, ನುಣುಪಾದ ಟೈಲ್ಸ್ ನೆಲದಿಂದ ಪುಟಿಯುವ ಮಾರ್ದನಿ ಸೇರಿ ಆ ತೆಳು ಅಕ್ಷರಗಳನ್ನೇ ಮೊದಲು ನುಂಗುತ್ತವೆ.

ಆದ್ದರಿಂದ 40,000 ರೂಪಾಯಿ ಖರ್ಚು ಮಾಡುವ ಮೊದಲು ಕೆಲವು ನೂರು ರೂಪಾಯಿಯ ಒಂದು ಪ್ರಯೋಗ ಮಾಡಿ. ನಿಮ್ಮ ಟಿವಿಯ ಹಿಂದೆ ‘ಆಪ್ಟಿಕಲ್’ ಎಂದು ಬರೆದ, ಮುಚ್ಚಳವಿರುವ ಚಿಕ್ಕ ಚೌಕಾಕಾರದ ಕಿಂಡಿ ಇರುವ ಸಾಧ್ಯತೆ ಹೆಚ್ಚು; 2010ರ ರಿಸೀವರಿನಲ್ಲಿ ಅದು ಇದ್ದೇ ಇರುತ್ತದೆ ಎನ್ನಬಹುದು. ಎರಡರ ನಡುವೆ ಆಪ್ಟಿಕಲ್ ಕೇಬಲ್ ಹಾಕಿ. ಹೊಸ ಕೇಬಲಿನ ಎರಡೂ ತುದಿಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ. ಅದನ್ನು ತೆಗೆಯದೆ ತುರುಕಲು ಹೋಗಿ ಕಿಂಡಿ ಮುರಿದುಕೊಂಡವರನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ. ಟಿವಿಯ ಕಡೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಅಂಗೈಗೆ ಹಿಡಿದರೆ ಕುಂಕುಮದ ಬೊಟ್ಟಿನಷ್ಟು ಕೆಂಪು ಬೆಳಕು ಕಾಣಬೇಕು. ಆಮೇಲೆ ಟಿವಿಯ ಸೆಟ್ಟಿಂಗಿನಲ್ಲಿ ಡಿಜಿಟಲ್ ಧ್ವನಿ ‘ಪಿಸಿಎಂ’ ಎಂದಿದ್ದರೆ ‘ಡಾಲ್ಬಿ ಡಿಜಿಟಲ್’, ‘ಬಿಟ್‌ಸ್ಟ್ರೀಮ್’, ‘ಆಟೋ’ ಇವುಗಳಲ್ಲಿ ಯಾವುದಿದೆಯೋ ಅದಕ್ಕೆ ಬದಲಿಸಿ. ಪಿಸಿಎಂನಲ್ಲಿ ಈ ಕೇಬಲ್ ಎರಡು ಧ್ವನಿಯನ್ನು ಮಾತ್ರ ಒಯ್ಯುತ್ತದೆ, ಡಾಲ್ಬಿ ಡಿಜಿಟಲ್‌ನಲ್ಲಿ ಆರನ್ನೂ ಒಯ್ಯುತ್ತದೆ. ವಾರ್ತೆ, ಧಾರಾವಾಹಿಗಳು ಸಾಮಾನ್ಯವಾಗಿ ಎರಡು ಧ್ವನಿಯಲ್ಲೇ ಬರುವುದರಿಂದ ಅವನ್ನು ನೋಡುವಾಗ ರಿಸೀವರನ್ನು ‘ಪ್ರೊ ಲಾಜಿಕ್’ ಸ್ಥಿತಿಗೆ ತಂದರೆ, ಎರಡರಲ್ಲೂ ಸಮಾನವಾಗಿರುವ ಮಾತನ್ನು ಅದು ಸೋಸಿ ನಡುವಿನ ಸ್ಪೀಕರಿಗೆ ಕೊಡುತ್ತದೆ.

ಇಲಿ ಕಡಿದ ವೈರಿನ ವಿಷಯ ಮೇಲ್ನೋಟಕ್ಕಿಂತ ಮುಖ್ಯ. ಹಿಂದಿನ ಸ್ಪೀಕರುಗಳು ಇವೆಯೆಂದೇ ರಿಸೀವರ್ ಇಂದಿಗೂ ನಂಬಿಕೊಂಡಿದೆ, 5.1 ಬಂದಾಗ ಅವುಗಳ ಪಾಲನ್ನು ಕತ್ತರಿಸಿದ ತಂತಿಗೇ ಕಳಿಸುತ್ತದೆ. ಸ್ಪೀಕರ್ ಸೆಟ್ಟಿಂಗಿನಲ್ಲಿ ಹಿಂದಿನವು ‘ಇಲ್ಲ’ ಎಂದು ತಿಳಿಸಿದರೆ ಆ ಧ್ವನಿ ಮುಂದಿನ ಟವರುಗಳಿಗೆ ಸೇರಿಕೊಳ್ಳುತ್ತದೆ. ಹಾಗೆಯೇ ನಡುವಿನ ಸ್ಪೀಕರಿನ ಮಟ್ಟವನ್ನು ಮೂರು ಡೆಸಿಬೆಲ್ (ಧ್ವನಿಯ ಜೋರನ್ನು ಅಳೆಯುವ ಮಾನ) ಏರಿಸಿ, ‘ನೈಟ್ ಮೋಡ್’ ಎಂಬುದಿದ್ದರೆ ಅದನ್ನೂ ಹಾಕಿ. ಪಿಸುಮಾತಿಗೂ ಸ್ಫೋಟಕ್ಕೂ ನಡುವಿನ ಅಂತರವನ್ನು ಅದು ಕುಗ್ಗಿಸುತ್ತದೆ. ಕಿಟಕಿ ಅದುರುವ ಕಷ್ಟಕ್ಕೆ ಇದೇ ಮದ್ದು.

ಗರಗರ ಎನ್ನುವ ಸಬ್‌ವೂಫರನ್ನು ಬೈಯುವ ಮೊದಲು ಶೋಕೇಸಿನ ಗಾಜಿನ ಬಾಗಿಲನ್ನು ಅಂಗೈಯಿಂದ ಒತ್ತಿ ಹಿಡಿದು ನೋಡಿ. ಹಲವು ಮನೆಗಳಲ್ಲಿ ಸದ್ದು ಅಲ್ಲಿಂದಲೇ ಬರುತ್ತಿರುತ್ತದೆ. ಗಾಜು ನಿರ್ದೋಷಿಯಾದರೆ ಸಬ್‌ವೂಫರಿನ ಜಾಲರಿ ತೆಗೆದು, ಅದುರಿ ಧ್ವನಿ ಹೊರಡಿಸುವ ಶಂಕುವಿನ (ಕೋನ್) ಸುತ್ತ ಇರುವ ಮೆತ್ತನೆಯ ಬಳೆಯನ್ನು ಮುಟ್ಟಿ. ಅದು ಫೋಮಿನದಾಗಿದ್ದರೆ ಹತ್ತು ಹದಿನೈದು ವರ್ಷಗಳಲ್ಲಿ ಗಾಳಿಯ ತೇವಕ್ಕೆ ಜೀರ್ಣವಾಗಿ, ಬೆರಳು ತಾಗಿದರೆ ನೆನೆದ ಹಪ್ಪಳದಂತೆ ಹರಿದು ಬೆರಳಿಗೆ ಕಪ್ಪು ಪುಡಿ ಅಂಟುತ್ತದೆ. ಸ್ಪೀಕರ್ ಸತ್ತಿತೆಂದು ಇದರ ಅರ್ಥವಲ್ಲ. ಆ ಬಳೆಯನ್ನು ಮಾತ್ರ ಬದಲಿಸಬಹುದು. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಕೈಕೆಲಸ ತಿಳಿದವರಿಗೆ ಅರ್ಧ ದಿನದ ಕೆಲಸ. ಟವರುಗಳು ಬದುಕಿವೆಯೇ ಎಂದು ತಿಳಿಯಲು, ರಿಸೀವರಿನಿಂದ ಅವುಗಳ ವೈರು ಬಿಡಿಸಿ, ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ವೈರಿನ ಎರಡು ತುದಿಗಳಿಗೆ ಕ್ಷಣಮಾತ್ರ ಮುಟ್ಟಿಸಿ. ‘ಟಕ್’ ಎಂದು ಸದ್ದಾಗಿ ಶಂಕು ಅಲುಗಿದರೆ ಸಾಕು.

ಇನ್ನು ಅಂಗಡಿಯವರ ಮಾತು. 1000 ವಾಟ್ ಎಂಬ ಸಂಖ್ಯೆ ನಿಮ್ಮನ್ನು ಹೆದರಿಸಬೇಕಾಗಿಲ್ಲ, ಮೋಹಗೊಳಿಸಬೇಕಾಗಿಯೂ ಇಲ್ಲ. ಬಾರಿನೊಳಗಿನ ಪ್ರತಿಯೊಂದು ಚಿಕ್ಕ ಸ್ಪೀಕರಿನ, ಸಬ್‌ವೂಫರಿನ, ಹಿಂದಿನವುಗಳ ಗರಿಷ್ಠ ಶಕ್ತಿಯನ್ನೆಲ್ಲ ಕೂಡಿಸಿ ಬರೆದ ಮೊತ್ತ ಅದು; ಕ್ಷಣಮಾತ್ರದ ಗರಿಷ್ಠವೋ ನಿರಂತರ ಶಕ್ತಿಯೋ ಎಂಬುದನ್ನು ಪೆಟ್ಟಿಗೆಯ ಮೇಲೆ ಹೇಳದಿರುವುದೇ ಹೆಚ್ಚು. ಹಿಂದೆ ಟೇಪ್ ರೆಕಾರ್ಡರುಗಳ ಮೇಲೆ ಪಿಎಂಪಿಓ ಎಂದು ಸಾವಿರಗಟ್ಟಲೆ ಬರೆಯುತ್ತಿದ್ದುದನ್ನು ನಿಮ್ಮ ವಯಸ್ಸಿನವರು ಮರೆತಿರಲಾರರು. ವಾಟನ್ನು ಎರಡು ಪಟ್ಟು ಮಾಡಿದರೆ ಧ್ವನಿ ಏರುವುದು ಮೂರು ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ನಿಮ್ಮ ಅಳತೆಯ ಹಾಲಿನಲ್ಲಿ ಮಾತು ಕೇಳಲು ಟವರುಗಳು ಬಳಸುತ್ತಿರುವುದು ಕೆಲವೇ ವಾಟ್.

ವಾಟಿಗಿಂತ ನೋಡಬೇಕಾದದ್ದು ಎಷ್ಟು ಗಾಳಿಯನ್ನು ತಳ್ಳಬಲ್ಲದು ಎಂಬುದನ್ನು. 40 ಹರ್ಟ್ಸಿನಂಥ (ಸೆಕೆಂಡಿಗೆ 40 ಅಲೆಯ) ದಪ್ಪ ಸ್ವರದ ಒಂದು ಅಲೆಯ ಉದ್ದ ಎಂಟೂವರೆ ಮೀಟರ್, ಅಂದರೆ ನಿಮ್ಮ ಹಾಲಿಗಿಂತಲೂ ಉದ್ದ. ಒಂದು ಸಪ್ತಕ ಕೆಳಗಿಳಿದಾಗಲೆಲ್ಲ, ಅದೇ ಮಟ್ಟದ ಧ್ವನಿಗೆ ನಾಲ್ಕು ಪಟ್ಟು ಗಾಳಿಯನ್ನು ಸರಿಸಬೇಕಾಗುತ್ತದೆ. ಎಂಟು ಇಂಚಿನ ವೂಫರಿನ ಮುಖ ಎರಡು ಇಂಚಿನದಕ್ಕಿಂತ 16 ಪಟ್ಟು ವಿಶಾಲ. ಕೈಯಗಲಕ್ಕಿಂತ ಕಿರಿದಾದ ಬಾರಿನೊಳಗೆ ಯಾವ ತಂತ್ರಜ್ಞಾನ ತುಂಬಿದರೂ ಈ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ಬಾರಿನ ಜೊತೆ ಸಬ್‌ವೂಫರ್ ಕೊಡುತ್ತಾರೆ. ಆದರೆ ಅದು ಬಹಳಷ್ಟು ಸೆಟ್ಟುಗಳಲ್ಲಿ ಆರೂವರೆ ಇಂಚಿನದು, ನಿಮ್ಮಲ್ಲಿರುವುದು ಹತ್ತು ಇಂಚಿನದು. ಮೃದಂಗದ ತೊಪ್ಪಿಯ ಭಾಗ, ಗಂಡಸಿನ ದಪ್ಪ ಕಂಠದ ಕೆಳಪಾಲು ಬಾರಿನಲ್ಲಿ ತೆಳ್ಳಗಾದಂತೆ ಅನ್ನಿಸುವುದು ಇದರಿಂದಲೇ. ಸಂಗೀತ ಕೇಳುವ ಅಭ್ಯಾಸವಿದ್ದರೆ ಈ ನಷ್ಟ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಬರೀ ವಾರ್ತೆ, ಧಾರಾವಾಹಿ ನೋಡುವವರಿಗೆ ಗೊತ್ತೇ ಆಗದಿರಬಹುದು.

ಅಟ್ಮಾಸ್ ವಿಷಯದಲ್ಲಿ ಅಂಗಡಿಯವರು ಸುಳ್ಳು ಹೇಳಿಲ್ಲ, ನಿಮ್ಮ ಮನೆಯನ್ನು ನೋಡಿಲ್ಲ ಅಷ್ಟೇ. 2012ರಲ್ಲಿ ಚಿತ್ರಮಂದಿರಗಳಿಗೆ, 2014ರಲ್ಲಿ ಮನೆಗಳಿಗೆ ಬಂದ ಈ ವಿಧಾನದಲ್ಲಿ ತಲೆಯ ಮೇಲಿನಿಂದಲೂ ಧ್ವನಿ ಬರಬೇಕು. ಬಾರಿನಲ್ಲಿ ಅದಕ್ಕಾಗಿ ಮೇಲ್ಮುಖವಾಗಿ ಸ್ಪೀಕರ್ ಇಟ್ಟು, ಧ್ವನಿಯನ್ನು ಚಾವಣಿಗೆ ಬಡಿಸಿ ಕೆಳಗೆ ಪುಟಿಸುತ್ತಾರೆ. ಹತ್ತು ಅಡಿ ಎತ್ತರದ, ನುಣುಪಾದ, ಸಪಾಟಾದ ಆರ್‌ಸಿಸಿ ಚಾವಣಿಯಿದ್ದರೆ ಇದು ತಕ್ಕಮಟ್ಟಿಗೆ ನಡೆಯುತ್ತದೆ. ಹೆಂಚಿನ ಇಳಿಜಾರು ಮಾಡು, ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಪಿಓಪಿ ಚಾವಣಿ, ಎರಡು ಅಂತಸ್ತಿನಷ್ಟು ಎತ್ತರದ ಹಾಲ್ ಇವುಗಳಲ್ಲಿ ಧ್ವನಿ ಎಲ್ಲೋ ಚದುರಿಹೋಗುತ್ತದೆ. ನಿಮ್ಮ ಮನೆಯಲ್ಲಿ ಅಡ್ಡಿಯಾಗುವುದು ಚಾವಣಿಗಿಂತ ಮೊದಲು ಆ ಗ್ರಾನೈಟ್ ಗೂಡು. ಬಾರನ್ನು ಅದರೊಳಗೆ ತಳ್ಳಿಟ್ಟರೆ ಮೇಲ್ಮುಖ ಸ್ಪೀಕರಿನ ಧ್ವನಿ ಒಂದಡಿ ಮೇಲಿನ ಕಲ್ಲಿಗೆ ಬಡಿಯುತ್ತದೆ, ಪಕ್ಕದ ಸ್ಪೀಕರುಗಳದ್ದು ಗೂಡಿನ ಗೋಡೆಗೆ, ಮಾತು ಬಿಂದಿಗೆಯೊಳಗಿಂದ ಬಂದಂತೆ ಗುಂಯ್ ಎನ್ನುತ್ತದೆ. ಕುಣಿಗಲ್ ಕಡೆಯ ಒಂದು ಮನೆಯಲ್ಲಿ, ಅರವತ್ತು ಸಾವಿರದ ಬಾರು ಸರಿಯಿಲ್ಲ ಎಂದು ದೂರು ಬಂದು ಹೋಗಿ ನೋಡಿದರೆ, ಅದನ್ನು ಗೂಡಿನಿಂದ ನಾಲ್ಕು ಇಂಚು ಮುಂದಕ್ಕೆ ಎಳೆದದ್ದೇ ನಾನು ಮಾಡಿದ ರಿಪೇರಿ. ಹೋಗಿ ಬರುವ ಪೆಟ್ರೋಲಿನ ಹಣ ಕೇಳಲೂ ಸಂಕೋಚವಾಯಿತು.

ಆಪ್ಟಿಕಲ್ ಪ್ರಯೋಗದ ಬಳಿಕ ನಿಮ್ಮ ಮುಂದಿರುವ ದಾರಿಗಳನ್ನು ನಾನು ಹೀಗೆ ನೋಡುತ್ತೇನೆ. ಮಾತು ಸರಿಹೋಗಿ, ಸಬ್‌ವೂಫರಿನ ಬಳೆಯೂ ಬದಲಾದರೆ ಹಳೆಯ ಸೆಟ್ಟನ್ನೇ ಇಟ್ಟುಕೊಳ್ಳಬಹುದು. ಧ್ವನಿಯ ಮಟ್ಟಿಗೆ ನಿಮ್ಮ ಬಜೆಟ್ಟಿನ ಯಾವ ಬಾರೂ ಅದಕ್ಕೆ ಸಮನಾಗುವುದು ಕಷ್ಟ. ಚಿತ್ರವನ್ನು ಮಾತ್ರ ರಿಸೀವರಿನ ಮೂಲಕ ಹಾಯಿಸಬೇಡಿ, ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಆ ಕಾಲದ ಎಚ್‌ಡಿಎಂಐ ಕಿಂಡಿಗಳು ಇಂದಿನ 4ಕೆ ಎಚ್‌ಡಿಆರ್ ಚಿತ್ರವನ್ನು ದಾಟಿಸುವುದಿಲ್ಲ. ಎಲ್ಲವನ್ನೂ ಟಿವಿಗೆ ಜೋಡಿಸಿ, ಧ್ವನಿಯನ್ನಷ್ಟೇ ಕೆಳಗಿಳಿಸಿ. ಈ ದಾರಿಯ ಅಪಾಯವೆಂದರೆ ರಿಸೀವರಿನ ವಯಸ್ಸು. ರಿಲೇ, ಕೆಪಾಸಿಟರ್ ಹೋದರೆ ಬದಲಿಸಬಹುದು, ಆದರೆ ಮುಖ್ಯ ಐಸಿ ಸುಟ್ಟರೆ ಬಿಡಿಭಾಗ ಸಿಗುವ ಭರವಸೆಯಿಲ್ಲ. ಎರಡು ರಿಮೋಟು, ವೈರು, ಪೆಟ್ಟಿಗೆಗಳು ಹಾಗೆಯೇ ಉಳಿಯುತ್ತವೆ, ಮನೆಯವರ ಅಸಮಾಧಾನವೂ ಉಳಿಯುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸಲಹೆ ಕೊಟ್ಟು ನಾನು ಹಿಂದೆ ಪೆಟ್ಟು ತಿಂದಿದ್ದೇನೆ.

ಬಾರೇ ಬೇಕೆಂದು ಮನೆಯಲ್ಲಿ ತೀರ್ಮಾನವಾದರೆ, ಅಟ್ಮಾಸ್ ಚೀಟಿ ಅಂಟಿಸಿದ ಆದರೆ ನಡುವಿನ ಸ್ಪೀಕರ್ ಇಲ್ಲದ ಬಾರಿಗಿಂತ, ಮಾತಿಗೆಂದೇ ನಡುವೆ ಪ್ರತ್ಯೇಕ ಸ್ಪೀಕರ್ ಇರುವ 3.1 ಅಥವಾ 5.1 ಬಾರನ್ನು ಆರಿಸಿ. ಹೆಸರಿನ ಮೊದಲ ಅಂಕಿ 2 ಆಗಿದ್ದರೆ ನಡುವಿನದು ಇಲ್ಲ ಎಂದರ್ಥ, ನಿಮ್ಮ ತಾಯಿಯ ತೊಂದರೆ ಹಾಗೆಯೇ ಮುಂದುವರಿಯುತ್ತದೆ. ಹಿಂದಿನಿಂದ ಬರುವ ಧ್ವನಿ ಬೇಕೆನಿಸಿದರೆ ನಿಜವಾಗಿಯೂ ಹಿಂದೆ ಇಡುವ ಎರಡು ಪೆಟ್ಟಿಗೆ ಇರುವ ಸೆಟ್ ನಿಮ್ಮ ಬಜೆಟ್ಟಿನಲ್ಲೇ ಸಿಗುತ್ತದೆ. ‘ವೈರ್‌ಲೆಸ್’ ಎಂಬ ಮಾತಿನಲ್ಲಿ ಮಾತ್ರ ಸ್ವಲ್ಪ ಜಾಣತನವಿದೆ: ಧ್ವನಿ ಗಾಳಿಯಲ್ಲಿ ಬರುತ್ತದೆ, ಕರೆಂಟ್ ಬರುವುದಿಲ್ಲ. ಸಬ್‌ವೂಫರಿಗೊಂದು ಪ್ಲಗ್ ಪಾಯಿಂಟ್ ಬೇಕು, ಹಿಂದಿನವುಗಳಿಗೂ ಹೆಚ್ಚಿನ ಸೆಟ್ಟುಗಳಲ್ಲಿ ಬೇಕು. ಇಲಿಗೆ ಅಲ್ಲಿಯೂ ಕೆಲಸ ಸಿಗುತ್ತದೆ.

ಬಾರನ್ನು ಟಿವಿಯ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದು ಬರೆದ, ಟಿವಿಯ ಧ್ವನಿಯನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಕಿಂಡಿಗೇ ಜೋಡಿಸಿ. ಟಿವಿಯ ರಿಮೋಟಿನಲ್ಲೇ ಧ್ವನಿ ಏರಿಳಿಸಬಹುದು. ಟಿವಿಯ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಬರುವ ಅಟ್ಮಾಸ್ ಸಾಮಾನ್ಯ ಎಆರ್‌ಸಿಯಲ್ಲೂ ದಾಟುತ್ತದೆ, ಬ್ಲೂ-ರೇ ಡಿಸ್ಕಿನ ಗುಣ ಕುಂದದ (ಲಾಸ್‌ಲೆಸ್) ಧ್ವನಿಗೆ ಮಾತ್ರ ಇಎಆರ್‌ಸಿ ಬೇಕು. ಬ್ಲೂಟೂತ್‌ನಲ್ಲಿ ಟಿವಿ ನೋಡಬೇಡಿ, ತುಟಿ ಮೊದಲು ಅಲುಗಿ ಮಾತು ಆಮೇಲೆ ಬರುತ್ತದೆ. ನಿಮ್ಮ ಹಳೆಯ ಟವರುಗಳನ್ನು ಬಾರಿಗೆ ಸೇರಿಸಿಕೊಳ್ಳಬಹುದೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ ಎಂದು ಈಗಲೇ ಹೇಳುತ್ತೇನೆ: ಆಗುವುದಿಲ್ಲ, ಬಾರಿನಲ್ಲಿ ಹೊರಗಿನ ಸ್ಪೀಕರಿಗೆ ಕಿಂಡಿಯೇ ಇರುವುದಿಲ್ಲ.

ರಿಪೇರಿಯ ವಿಷಯದಲ್ಲಿ ಬಾರ್ ನಿಷ್ಠುರ. ಆಂಪ್ಲಿಫೈಯರು, ಸಂಸ್ಕರಣೆ, ಬ್ಲೂಟೂತ್ ಎಲ್ಲವೂ ಒಂದೇ ಹಲಗೆಯ ಮೇಲೆ ಕುಳಿತಿರುವುದರಿಂದ ಒಂದು ಕೆಟ್ಟರೆ ಇಡೀ ಬೋರ್ಡ್ ಬದಲಿಸಬೇಕು; ವಾರಂಟಿ ಮುಗಿದ ಮೇಲೆ ಆ ಬೋರ್ಡಿನ ಬೆಲೆ ಕೇಳಿ ಹೊಸದನ್ನೇ ಕೊಂಡವರೇ ಹೆಚ್ಚು. ಕರೆಂಟ್ ಹೋಗಿ ಬರುವಾಗಿನ ಏರಿಳಿತದಿಂದ ಕಾಪಾಡಲು ಸರ್ಜ್ ರಕ್ಷಣೆಯ ಪ್ಲಗ್ ಹಾಕುವುದು ಒಳ್ಳೆಯದು.

ಅಂಗಡಿಯಲ್ಲಿ ಪರೀಕ್ಷಿಸುವಾಗ ಅವರ ಪ್ರದರ್ಶನದ ವೀಡಿಯೋವನ್ನು, ಎಲೆಯ ಮೇಲೆ ಮಳೆ ಹನಿ ಬೀಳುವ ಆ ದೃಶ್ಯವನ್ನು, ನಿಲ್ಲಿಸಲು ಹೇಳಿ. ನಿಮ್ಮ ಮೊಬೈಲಿನಿಂದ ಕನ್ನಡ ವಾರ್ತೆ ಹಾಕಿಸಿ, ಆಮೇಲೆ ಹಿನ್ನೆಲೆ ಸಂಗೀತದ ನಡುವೆ ಪಾತ್ರಗಳು ತಗ್ಗಿದ ದನಿಯಲ್ಲಿ ಮಾತಾಡುವ ಒಂದು ದೃಶ್ಯ ಹಾಕಿಸಿ. ಧ್ವನಿಯನ್ನು ಮನೆಯಲ್ಲಿ ಇಡುವ ಮಟ್ಟಕ್ಕೆ ಇಳಿಸಿ, ಬಾರಿನ ಎದುರಿನಿಂದ ಸರಿದು, ನಿಮ್ಮ ತಾಯಿ ಕೂರುವಷ್ಟೇ ಓರೆಯಾಗಿ ಪಕ್ಕಕ್ಕೆ ನಿಂತು, ಪರದೆಗೆ ಬೆನ್ನು ಮಾಡಿ ಕೇಳಿ. ತುಟಿ ಕಾಣದಿದ್ದರೂ ಪ್ರತಿ ಪದ ತಿಳಿದರೆ ಆ ಬಾರು ನಿಮ್ಮ ಮನೆಗೆ ಸಲ್ಲುತ್ತದೆ. ಸಾಧ್ಯವಾದರೆ ತಾಯಿಯವರನ್ನೇ ಕರೆದುಕೊಂಡು ಹೋಗಿ. ಅಂಗಡಿಯ ಹುಡುಗರು ಕುರ್ಚಿ ಹಾಕಿಕೊಡುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಅವರು ‘ಏನಂದ?’ ಎನ್ನುತ್ತಿದ್ದರೆ ದೋಷ ಸ್ಪೀಕರಿನದಲ್ಲ. ಕಿವಿ, ಮೂಗು, ಗಂಟಲು ವೈದ್ಯರಲ್ಲಿ ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ಸವಿವರ ತಪಾಸಣೆಯೂ, ಶ್ರವಣ ಸಾಧನದ ಸಲಹೆಯೂ ಸಿಗುತ್ತದೆ. ಎಷ್ಟೇ ದುಬಾರಿ ಬಾರಿನಿಂದಲೂ ಆಗದ ಕೆಲಸ ಅಲ್ಲಿ ಆಗಬಹುದು.

ಕೊನೆಯದಾಗಿ, ಬಾರ್ ತಂದರೂ ಟವರುಗಳನ್ನೂ ಸಬ್‌ವೂಫರನ್ನೂ ಮೂರು ತಿಂಗಳು ಮಾರಬೇಡಿ, ಗುಜರಿಗೂ ಕೊಡಬೇಡಿ. ರಿಸೀವರಿನ ಸಮೇತ ಮಹಡಿಯ ಕೋಣೆಯಲ್ಲಿ ಬಟ್ಟೆ ಮುಚ್ಚಿ ಇಡಿ, ಹಳೆಯ ವೈರುಗಳಿಗೆ ಎಡ, ಬಲ, ನಡು ಎಂದು ಚೀಟಿ ಅಂಟಿಸಿ. ಮೊದಲ ದೀರ್ಘ ಸಂಗೀತ ಕಛೇರಿಯನ್ನು ಬಾರಿನಲ್ಲಿ ಕೇಳಿದ ಮಾರನೆಯ ದಿನ ನನಗೊಂದು ಸಾಲು ಬರೆಯಿರಿ.